ಡಿಕ್ಕಿಯೊಳಗಿನ ಜೋಳದ ಕಾಳು

ನಮ್ಮ ಓನರ್ ಬೈಯಲು ಶುರು ಮಾಡುವ ಮೊದಲು ಅವರ ಕತ್ತಿನ ಎಡಗಡೆಯ ನರ ಉಬ್ಬುತ್ತಿತ್ತು. ಅಂಗಿಯ ಕಾಲರಿನಿಂದ ಹೊರಟು ಕಿವಿಯ ಹಿಂದೆ ಮರೆಯಾಗುವ ದಪ್ಪ ನರ. ಆ ಕಿವಿಯೊಳಗಿಂದ ಬೆಳೆದ ಬಿಳಿ ಕೂದಲಿಗೆ ಮರದ ಪುಡಿ ಸದಾ ಮೆತ್ತಿಕೊಂಡಿರುತ್ತಿತ್ತು. ಕೂಗುವಾಗ ತಲೆ ಅಲುಗಿ ಅದು ಹೆಗಲ ಮೇಲೆ ಉದುರುತ್ತಿತ್ತು. ನರ ಕಂಡವರು ಬಾಗಿಲು ಹಾಕಿಕೊಳ್ಳುತ್ತಿದ್ದರು. ನನ್ನ ಅಮ್ಮ ಒಬ್ಬಳು ಮಾತ್ರ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮೆಟ್ಟಿಲಿಗೆ ಬಂದು ನಿಲ್ಲುತ್ತಿದ್ದಳು.

ಅವರು ತೀರಿಕೊಂಡ ದಿನ ಕುರ್ಚಿ ಹಾಕಿಕೊಂಡು ಕೂತಿದ್ದವರೆಲ್ಲ ‘ಎಂಥ ಶಾಂತ ಜೀವ’ ಎಂದರು. ‘ಒಬ್ಬರಿಗೂ ಒಂದು ಗಟ್ಟಿ ಮಾತು ಆಡಿದವರಲ್ಲ’ ಎಂದರು. ನನಗೆ ಮೈಯೆಲ್ಲ ಉರಿಯಿತು. ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯಲ್ಲಿ ಅವರ ಬಾಯಿಗೆ ಬೀಳದ ತರಕಾರಿ ಗಾಡಿಯವನಿರಲಿಲ್ಲ, ಪೇಪರಿನವನಿರಲಿಲ್ಲ. ಸತ್ತವರಿಗೆ ಹಾರ ಹಾಕಿ, ಬೇಡ ಎನ್ನುವುದಿಲ್ಲ. ಆದರೆ ಬದುಕಿಡೀ ಕೂಗಿದವರ ಬಾಯಿಗೆ ಹೋದ ಮೇಲೆ ಬಟ್ಟೆ ತುರುಕುವುದು ಯಾವ ನ್ಯಾಯ? ಆ ಸಿಟ್ಟಿಗೇ ಇದನ್ನು ಬರೆಯುತ್ತಿದ್ದೇನೆ.

ತೊಂಬತ್ತರ ದಶಕದ ನಡುವಿನಲ್ಲಿ ಅಪ್ಪನಿಗೆ ಬೆಂಗಳೂರಿಗೆ ವರ್ಗವಾಗಿ, ನಾವು ರಾಣೆಬೆನ್ನೂರಿನಿಂದ ಬಂದು ಅವರ ಮನೆಯ ಮೊದಲ ಮಹಡಿಗೆ ಬಾಡಿಗೆಗೆ ಸೇರಿದೆವು. ಬೆಂಗಳೂರಿನಲ್ಲಿ ಮನೆ ಮಾಲೀಕರಿಗೆ ಹೆಸರಿರುವುದಿಲ್ಲ, ಎಲ್ಲರೂ ಓನರ್. ನಮ್ಮ ಓನರ್ ಹಳೇ ತಿಪ್ಪಸಂದ್ರದವರೇ. ವಿಮಾನ ಕಾರ್ಖಾನೆಯಲ್ಲಿ ಎರಕದ ಅಚ್ಚಿಗೆ ಮರದ ಮಾದರಿ ಕೆತ್ತುವ ಕೆಲಸ ಮಾಡಿ, ನಿವೃತ್ತರಾದ ಮೇಲೆ ಮನೆಯ ಪೋರ್ಟಿಕೋದಲ್ಲೇ ಕಾರುಗಳ ಡಿಕ್ಕಿಗೆ ಸಬ್‌ವೂಫರ್ ಪೆಟ್ಟಿಗೆ ಕಟ್ಟಿಕೊಡುತ್ತಿದ್ದರು. ದೊಡ್ಡ ಸ್ಪೀಕರನ್ನು ಒಳಗೆ ಕೂರಿಸಿ ಗಾಳಿಯಾಡದಂತೆ ಮುಚ್ಚುವ ಆ ಪೆಟ್ಟಿಗೆ ಇಲ್ಲದಿದ್ದರೆ ಡೋಲಿನಂಥ ಕೆಳಗಿನ ಸದ್ದು ಸರಿಯಾಗಿ ಬರುವುದಿಲ್ಲ. ಇಂದಿರಾನಗರದ ಹುಡುಗರು ಕಾರು ತಂದು ನಿಲ್ಲಿಸಿ, ‘ಅಂಕಲ್, ಬೀದಿ ನಡುಗ್ಬೇಕು’ ಎನ್ನುತ್ತಿದ್ದರು.

‘ಬೀದಿ ನಡುಗ್ಸೋಕೆ ರೋಡ್ ರೋಲರ್ ತಗೊಂಡ್ಹೋಗು. ಪೆಟ್ಟಿಗೆ ಕೂಗ್ಬಾರ್ದು ಮಗಾ, ಸ್ಪೀಕರ್ ಹಾಡ್ಬೇಕು. ನಿಂಗದು ಬೇಡ ಅಂದ್ರೆ ಗಾಡಿ ತೆಗಿ ಇಲ್ಲಿಂದ!’

ಎಷ್ಟೋ ಜನ ನಿಜವಾಗಿಯೂ ಗಾಡಿ ತೆಗೆದುಕೊಂಡು ಹೋಗುತ್ತಿದ್ದರು. ಓನರ್ ಹೆಂಡತಿ ಒಳಗಿನಿಂದ ತಲೆ ಚಚ್ಚಿಕೊಳ್ಳುತ್ತಿದ್ದರು.

ಅಮ್ಮನಿಗೂ ಅವರಿಗೂ ಜಗಳ ಹತ್ತಿದ್ದು ರೊಟ್ಟಿಯಿಂದ. ಅಮ್ಮ ದಿನವೂ ಜೋಳದ ರೊಟ್ಟಿ ಬಡಿಯುವವಳು. ಅವಳ ಅಡುಗೆಮನೆ ಇದ್ದದ್ದು ಸರಿಯಾಗಿ ಅವರ ಪೋರ್ಟಿಕೋದ ಮೇಲೆ. ಓನರ್ ಪೆಟ್ಟಿಗೆಗೆ ಕಿವಿ ಹಚ್ಚಿ ಕೂತಾಗಲೇ ಮೇಲಿನಿಂದ ದಬ ದಬ ಶುರುವಾಗುತ್ತಿತ್ತು.

‘ರೀ ಅಮ್ಮಾ, ರೊಟ್ಟೀನ ನನ್ನ ತಲೆ ಮೇಲೆ ಬಡೀತಿದ್ದೀರಲ್ರೀ! ನಾನು ಸ್ಪೀಕರ್ ಟೆಸ್ಟ್ ಮಾಡ್ಬೇಕಾ, ಬೇಡ್ವಾ?’

‘ಬಡೀದ ರೊಟ್ಟಿ ಆಗ್ತದೇನ್ರಿ ಓನರ್ರ? ನಿಮ್ಮ ಹಂಗ ಮುದ್ದಿ ನುಂಗಾಕ ನಮಗ ಬರಂಗಿಲ್ಲ!’

ಇನ್ನೊಂದು ಜಗಳ ನೀರಿನ ಮೋಟರಿನದು. ಅದರ ಸ್ವಿಚ್ಚು ನಮ್ಮ ಬಾಗಿಲ ಪಕ್ಕ ಇತ್ತು. ಮೇಲಿನ ಟ್ಯಾಂಕ್ ತುಂಬಿದ ಮೇಲೆ ಆರಿಸುವುದು ಅಮ್ಮನ ಜವಾಬ್ದಾರಿ. ಬೆಳಿಗ್ಗೆ ಎದ್ದ ಕೂಡಲೆ ಕೆಳಗಿನಿಂದ ಕೂಗು: ‘ಮೋಟ್ರು ಆಫ್ ಮಾಡುದ್ರಾ?’ ಮೇಲಿನಿಂದ ಉತ್ತರ: ‘ಬಂದ್ ಮಾಡೀನ್ರಿ! ಎಷ್ಟ್ ಸಲ ಹೇಳ್ಬೇಕು!’ ನಮ್ಮ ಬೀದಿಯವರು ಇದನ್ನು ಕೇಳಿ ಗಡಿಯಾರ ನೋಡಿಕೊಳ್ಳುತ್ತಿದ್ದರು.

ಆಮೇಲೆ ಅಮ್ಮನಿಗೆ ಕಿವಿ ಹೋಗತೊಡಗಿತು. ಮೊದಲು ಕುಕ್ಕರಿನ ಸೀಟಿ ಹೋಯಿತು, ಆಮೇಲೆ ಕರೆಗಂಟೆ, ಆಮೇಲೆ ನಮ್ಮ ಮಾತು. ಇಂದಿರಾನಗರದ ಅಂಗಡಿಯೊಂದರಲ್ಲಿ ಅವಳ ಕಿವಿಗೆ ಯಂತ್ರ ಹಾಕಿಸಿದೆವು. ಅದು ಬಸ್ಸಿನ ಹಾರನ್ನನ್ನು ತಲೆಯೊಳಗೆ ಒಡೆಯುವ ಹಾಗೆ ಕೇಳಿಸುತ್ತಿತ್ತು, ಮಾತನ್ನು ಮಾತ್ರ ಗೊಜ್ಜು ಮಾಡುತ್ತಿತ್ತು. ‘ಅಭ್ಯಾಸ ಆಗತ್ತೆ ಮೇಡಂ’ ಎಂದು ಅಂಗಡಿಯವನು ನಕ್ಕ. ಅವನ ನಗು ನೆನೆದರೆ ನನಗೆ ಇಂದಿಗೂ ಕೈ ಕಡಿಯುತ್ತದೆ. ಅಮ್ಮ ಯಂತ್ರವನ್ನು ತೆಗೆದು ಸಾಸಿವೆ ಡಬ್ಬಿಯಲ್ಲಿಟ್ಟಳು.

ಅದಕ್ಕಿಂತ ಸಿಟ್ಟು ಬರಿಸಿದ್ದು ಮನೆಯವರು. ಅಪ್ಪ ಮಾತು ಬಿಟ್ಟು ಕೈಸನ್ನೆ ಹಿಡಿದರು. ಲೋಟ ಎತ್ತಿದ ಹಾಗೆ ಮಾಡಿದರೆ ಚಹಾ, ಹೊಟ್ಟೆ ಸವರಿದರೆ ಊಟ. ಗಂಡ ಹೆಂಡತಿಯ ನಡುವೆ ಉಳಿದದ್ದು ಇಷ್ಟೇ. ನಾನು ಚೀಟಿ ಬರೆದು ತೋರಿಸುತ್ತಿದ್ದೆ. ಹೆಣ್ಣುಮಕ್ಕಳು ದನಿ ಎತ್ತಬಾರದು ಎಂದು ಅಮ್ಮನೇ ಕಲಿಸಿದ ಮೆಲುದನಿ ನನ್ನದು. ಸಿ.ವಿ. ರಾಮನ್ ನಗರದಲ್ಲಿದ್ದ ಅಪ್ಪನ ಅಕ್ಕ, ನನ್ನ ಸೋದರತ್ತೆ, ವಾರಕ್ಕೊಮ್ಮೆ ಬಂದು ಅಮ್ಮನ ಎದುರಿಗೇ ಕೂತು, ಅವಳ ಮುಖ ನೋಡುತ್ತಲೇ, ‘ಆಕಿಗೆ ಹೇಳಿ ಏನ್ ಮಾಡೂದು, ಬಿಡ. ಕೇಳಸಂಗಿಲ್ಲ’ ಎಂದು ನಗುತ್ತಿದ್ದಳು. ಅತ್ತೆ ತನ್ನನ್ನು ಮಾತಾಡಿಸಿದಳೆಂದುಕೊಂಡು ಅಮ್ಮನೂ ನಗುತ್ತಿದ್ದಳು.

ನಮ್ಮ ತಾಯಿ ಮದುವೆಗೆ ಮುಂಚೆ ಊರಿನ ಭಜನಾ ಮೇಳದಲ್ಲಿ ಹಾಡಿದವಳು. ಮದುವೆಯಾದ ಮೇಲೂ ಕೈಯಲ್ಲಿ ಕೆಲಸ, ಬಾಯಲ್ಲಿ ಹಾಡು. ಕಿವಿ ಹೋದ ಮೇಲೆ ಅವಳು ಹಾಡುವುದನ್ನು ಬಿಟ್ಟಳು. ಯಾರೂ ಬಿಡು ಎನ್ನಲಿಲ್ಲ, ಯಾಕೆ ಬಿಟ್ಟೆ ಎಂದೂ ಕೇಳಲಿಲ್ಲ.

ಇವುಗಳ ನಡುವೆ ಬದಲಾಗದೆ ಉಳಿದ ಮನುಷ್ಯ ಓನರ್ ಒಬ್ಬರೇ. ಅವರು ಅದೇ ಮೋಟರಿಗೆ, ಅದೇ ರೊಟ್ಟಿಗೆ, ಇನ್ನೂ ಜೋರಾಗಿ ಕೂಗತೊಡಗಿದರು. ಕೆಳಗಿನಿಂದ ಕೇಳಿಸದಿದ್ದರೆ ಮೆಟ್ಟಿಲು ಹತ್ತಿ ಬಂದು, ಅಮ್ಮನ ಮುಖಕ್ಕೆ ಮುಖ ಕೊಟ್ಟು, ನರ ಉಬ್ಬಿಸಿಕೊಂಡು ಕೂಗುತ್ತಿದ್ದರು. ಒಮ್ಮೆ ನನಗೆ ತಡೆಯಲಾಗದೆ, ‘ಅಮ್ಮನಿಗೆ ಕಿವಿ ಕೇಳಿಸಲ್ಲ ಅಂತ ಗೊತ್ತಿದ್ದೂ ಹಿಂಗೆ ಕಿರುಚ್ತೀರಲ್ಲ, ಸರೀನಾ?’ ಎಂದೆ.

‘ಕೇಳ್ಸೋವರ್ಗೂ ಕೂಗ್ಬೇಕಮ್ಮ!’ ಎಂದು ನನ್ನ ಮೇಲೇ ತಿರುಗಿದರು. ‘ಕೇಳ್ಸಲ್ಲ ಅಂತ ಸುಮ್ನಾಗ್ಬಿಡೋದು ಯಾವ ಸೀಮೆ ಮರ್ಯಾದೆ? ನಿಮ್ಮಮ್ಮ ಏನ್ ಗೋಡೆನಾ?’

ಅಹಂಕಾರದ ಮುದುಕ ಎಂದುಕೊಂಡು ಒಳಗೆ ಹೋದೆ.

ಒಂದು ಭಾನುವಾರ ಕೆಳಗೆ ಯಾವುದೋ ಪೆಟ್ಟಿಗೆಯ ಪರೀಕ್ಷೆ ನಡೆದಿತ್ತು. ಪರೀಕ್ಷೆಗೆಂದೇ ಅವರದೊಂದು ಕ್ಯಾಸೆಟ್ ಇತ್ತು, ಊರಹಬ್ಬದಲ್ಲಿ ಅವರೇ ರೆಕಾರ್ಡ್ ಮಾಡಿಕೊಂಡ ಡೊಳ್ಳು. ಅಮ್ಮ ಮೇಲೆ ರೊಟ್ಟಿ ಬಡಿಯುತ್ತಿದ್ದಳು. ಇದ್ದಕ್ಕಿದ್ದಂತೆ ಡೊಳ್ಳು ನಿಂತಿತು, ಮತ್ತೆ ಶುರುವಾಯಿತು, ಮತ್ತೆ ನಿಂತಿತು. ಆಮೇಲೆ ಮೆಟ್ಟಿಲ ಮೇಲೆ ದಡದಡ ಸದ್ದು. ಓನರ್ ಚಪ್ಪಲಿಯನ್ನೂ ಬಿಡದೆ ನಮ್ಮ ಹಜಾರಕ್ಕೆ ನುಗ್ಗಿದರು.

‘ಯಾರ್ರೀ ಇವ್ರನ್ನ ಕಿವುಡಿ ಅಂದಿದ್ದು?’

ಅಪ್ಪ ಪೇಪರ್ ಇಳಿಸಿ, ‘ಡಾಕ್ಟರು...’ ಎಂದರು.

‘ಡಾಕ್ಟ್ರು ಸೀಟಿ ಥರದ ಮೇಲಿನ ಸದ್ದು ಹೋಗಿದೆ ಅಂದಿರ್ತಾರೆ. ಕೆಳಗಿಂದು ಉಳ್ದಿದೆ ರೀ! ನಾನು ಡೊಳ್ಳು ಹಾಕಿದ್ರೆ ಈಯಮ್ಮ ತಾಳಕ್ಕೆ ಸರ್ಯಾಗಿ ರೊಟ್ಟಿ ಬಡೀತಾರೆ, ನಿಲ್ಸಿದ್ರೆ ತಾಳ ತಪ್ಪುತ್ತೆ. ಮೂರು ಹೊತ್ತೂ ಜೊತೇಲಿರ್ತೀರ, ನಿಮಗೊಬ್ರಿಗಾದ್ರೂ ಗೊತ್ತಾಯ್ತಾ?’

ಹಿಟ್ಟಿನ ಕೈಯಲ್ಲಿ ಹೊರಗೆ ಬಂದ ಅಮ್ಮ ಅವರ ನರ ನೋಡಿದವಳೇ, ‘ಮೋಟ್ರ ಬಂದ್ ಮಾಡೀನ್ರಿ!’ ಎಂದು ಕೂಗಿದಳು.

ಓನರ್ ಅಲ್ಲಿಯೇ ಕಾರಿನ ಕೀ ಕೇಳಿದರು. ನಮ್ಮದು ಸೆಕೆಂಡ್ ಹ್ಯಾಂಡಿನ ಪುಟ್ಟ ಕಾರು, ಓಡಿಸುವವಳು ನಾನು. ಮನೆಯಲ್ಲಿ ಹಾಕಿದರೆ ಸದ್ದು ಗೋಡೆ ಕಿಟಕಿಗಳಿಗೆಲ್ಲ ಹಂಚಿಹೋಗುತ್ತದೆ, ಕಾರು ಸಣ್ಣ ಡಬ್ಬಿ, ಅಲ್ಲಿ ಸದ್ದು ಸೀಟಿನಿಂದ ನೇರ ಬೆನ್ನಿಗೆ ಇಳಿಯುತ್ತದೆ ಎಂಬುದು ಅವರ ವಾದ. ಅಪ್ಪನಿಗೆ ಡಿಕ್ಕಿಯ ಚಿಂತೆ. ಊರಿನಿಂದ ಜೋಳದ ಚೀಲ ಬರುವುದು ಅದರಲ್ಲಿಯೇ.

‘ಹಾಡು ಗೀಡು ನಮಗ ಬ್ಯಾಡ್ರಿ’ ಎಂದರು ಅಪ್ಪ.

‘ನಿಮ್ಗೆ ಯಾರ್ರೀ ಮಾಡ್ತಿರೋದು?’

ನಾನು ಕೀ ಕೊಟ್ಟೆ. ಓನರ್ ಮೇಲಿನ ಪ್ರೀತಿಯಿಂದಲ್ಲ, ಅಪ್ಪನ ಮೇಲಿನ ಸಿಟ್ಟಿನಿಂದ. ಅಮ್ಮನಿಗೆ ಹಾಡು ಮತ್ತೆ ಕೇಳಿಸಬಹುದು ಎನ್ನುವಾಗ ಚೀಲ ಎಲ್ಲಿಡುವುದು ಎನ್ನುವ ಮನುಷ್ಯನ ಜೊತೆ ವಾದ ಮಾಡಲು ನನಗೆ ಇಷ್ಟವಿರಲಿಲ್ಲ.

ಸ್ಪೀಕರ್ ಹುಡುಕಲು ಶಿವಾಜಿನಗರದ ಗುಜರಿಗೆ ಹೋದೆವು. ಒಡೆದ ಕಾರುಗಳಿಂದ ಬಿಚ್ಚಿದ ಸ್ಪೀಕರುಗಳ ರಾಶಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಓನರ್ ಒಂದೊಂದರ ಕಪ್ಪು ಕಾಗದದ ಬಟ್ಟಲನ್ನು ಬೆರಳ ತುದಿಗಳಿಂದ ಮೆಲ್ಲಗೆ ಒತ್ತುವರು, ಕಿವಿ ಹತ್ತಿರ ತರುವರು, ಎಸೆಯುವರು. ‘ಚಾಚಾ, ಏಕ್‌ದಮ್ ನಯಾ ಹೈ’ ಎಂದ ಅಂಗಡಿಯವ. ‘ನಯಾನಾ? ಒಳ್ಗೆ ಕಾಯಿಲ್ ಉಜ್ಜ್‌ತಾ ಹೈ, ನಯಾ ಅಂತೆ!’ ಎಂದು ಇವರು ಎರಡು ಭಾಷೆ ಬೆರೆಸಿ ಬೈದರು. ಅವನು ನಗುತ್ತಾ ಇನ್ನೊಂದು ಕೊಟ್ಟ. ರಾಶಿಯ ತಳದಲ್ಲಿ ಒಂದು ಸಿಕ್ಕಿತು.

ಚೀಲಕ್ಕೂ ಜಾಗ ಬಿಡಬೇಕು, ಸ್ಟೆಪ್ನಿಗೂ ಬಿಡಬೇಕು. ಉಳಿದದ್ದು ಚಕ್ರದ ಉಬ್ಬಿನ ಹಿಂದಿನ ಸೊಟ್ಟ ಮೂಲೆ. ಓನರ್ ಫ್ರಿಜ್ಜಿನ ರಟ್ಟಿನ ಡಬ್ಬಿಯನ್ನು ಕತ್ತರಿಸಿ ಆ ಮೂಲೆಗೆ ಒತ್ತಿ ಒತ್ತಿ ಅಚ್ಚು ತೆಗೆದರು. ಅದರಂತೆ ಹಲಗೆ ಕೊಯ್ದು ಅಂಟಿಸಿದಾಗ ಪೆಟ್ಟಿಗೆ ಯಾವ ಕಡೆಯಿಂದ ನೋಡಿದರೂ ಬೇರೆ ಆಕಾರ. ಒಳಗೆ ಎಷ್ಟು ಗಾಳಿ ಹಿಡಿಯುತ್ತದೆ ಎಂದು ತಿಳಿಯದೆ ಸ್ಪೀಕರ್ ಕೂರಿಸುವಂತಿಲ್ಲ. ಇಂಥ ಪೆಟ್ಟಿಗೆಗೆ ಅವರು ಕಾಳು ತುಂಬಿ ಅಳೆಯುತ್ತಿದ್ದರು. ಯಾವಾಗಲೂ ತಮ್ಮ ಮನೆಯ ರಾಗಿ. ಈ ಸಲ ಅಮ್ಮನನ್ನು ಕರೆದು ಜೋಳ ಕೇಳಿದರು.

ಅಮ್ಮ ಚೀಲ ಹಿಡಿದು ಪೋರ್ಟಿಕೋದಲ್ಲಿ ಕೂತಳು. ಲೀಟರ್ ಡಬ್ಬಿಯಲ್ಲಿ ಅಳೆದು ಅಳೆದು ಅವಳೇ ಸುರಿದಳು, ಅವಳೇ ವಾಪಸು ತೆಗೆದಳು. ತೆಗೆದ ಮೇಲೆ, ‘ಕಾಳು ಕಮ್ಮಿ ಆಗ್ಯಾವು, ನೀವು ತಿಂದೀರೇನ್ರಿ?’ ಎಂದಳು. ‘ನಿಮ್ಮ ಜೋಳ ಹಸು ತಿನ್ನುತ್ತೆ ನಮ್ಮೂರಲ್ಲಿ!’ ಎಂದು ಇವರು. ಅಂಚುಗಳಿಗೆ ಬಳಿದ ಗಾಳಿ ತಡೆಯುವ ಅಂಟಿಗೆ ಹುಳಿ ವಾಸನೆ; ಅದು ಪೂರ್ತಿ ಹೋಗುವ ಮುಂಚೆ ಸ್ಪೀಕರ್ ಕೂರಿಸಿದರೆ ಆ ಆವಿಗೆ ಒಳಗಿನ ತಂತಿ ಕೆಡುತ್ತದೆ. ಅಮ್ಮನ ಮೂಗು ಚುರುಕು. ದಿನವೂ ಮೋಟರಿನ ಜಗಳ ಮುಗಿದ ಮೇಲೆ ಅವಳು ಇಳಿದು ಬಂದು ಪೆಟ್ಟಿಗೆಯೊಳಗೆ ತಲೆ ಹಾಕಿ ಮೂಸಿ, ‘ಇನ್ನೂ ಹುಳಿ ಅದ’ ಎಂದು ತೀರ್ಪು ಕೊಡುತ್ತಿದ್ದಳು. ಓನರ್ ಹಲ್ಲು ಕಡಿದುಕೊಂಡು ಕಾಯುತ್ತಿದ್ದರು. ಸ್ಪೀಕರ್ ಕೂರಿಸಿದ ಮೇಲೆ ಊದುಬತ್ತಿ ಹಚ್ಚಿ ಅಂಚಿನ ಉದ್ದಕ್ಕೂ ಹಿಡಿದವಳೂ ಅವಳೇ. ಡೊಳ್ಳು ಹಾಕಿದಾಗ ಒಂದು ಮೂಲೆಯಲ್ಲಿ ಹೊಗೆ ಅಲುಗಿತು. ‘ಇಲ್ಲಿ ಗಾಳಿ ಹೊಂಟದ್ರಿ!’ ಎಂದು ಅಮ್ಮ ಗೆದ್ದವಳಂತೆ ಕೂಗಿದಳು. ಎಷ್ಟೋ ಕಾಲದ ಮೇಲೆ ಅವಳಿಗೆ ಕೈಸನ್ನೆ ಬೇಡದ ಒಂದು ಕೆಲಸ ಸಿಕ್ಕಿತ್ತು.

ಪೆಟ್ಟಿಗೆ ಸಿದ್ಧವಾದ ದಿನ ಕಾರಿನಲ್ಲಿ ಹೊರಟೆವು. ಮುಂದೆ ನಾನು ಮತ್ತು ಓನರ್. ಹಿಂದೆ ಅಮ್ಮ, ಅವಳ ಪಕ್ಕ ಕೆ.ಆರ್. ಪುರಕ್ಕೆ ಹೋಗಬೇಕಾಗಿದ್ದ ಸೋದರತ್ತೆ. ಊರಿನ ಭಜನಾ ಮೇಳದ ಹಳೆಯ ಕ್ಯಾಸೆಟ್ಟನ್ನು ನಾನು ಹಾಕಿದೆ. ಕನ್ನಡಿಯಲ್ಲಿ ಅಮ್ಮನ ಮುಖ ನೋಡುತ್ತಲೇ ಇದ್ದೆ. ಮೊದಲು ಏನೂ ಇಲ್ಲ. ಆಮೇಲೆ ಮೇಳದ ಡೋಲು ಎದ್ದಿತು. ಅಮ್ಮ ಬೆನ್ನು ನೆಟ್ಟಗೆ ಮಾಡಿದಳು. ಅಂಗೈಯನ್ನು ಸೀಟಿನ ಮೇಲೆ ಊರಿದಳು. ಹಾಗೇ ಬಾಯಿ ತೆರೆದು ಹಾಡತೊಡಗಿದಳು.

ಶ್ರುತಿ ಎಲ್ಲೆಲ್ಲಿಗೋ ಹೋಗುತ್ತಿತ್ತು. ತಾಳ ಒಂದಿಷ್ಟೂ ತಪ್ಪಲಿಲ್ಲ. ನನಗೆ ರಸ್ತೆ ಮಂಜಾಯಿತು.

‘ಅಯ್ಯ, ಸಾಕ ಮಾಡ. ಮಂದಿ ಕೇಳ್ಯಾರು’ ಎಂದು ಅತ್ತೆ ನಕ್ಕಳು.

‘ಬಾಯ್ಮುಚ್ಕೊಂಡು ಕೂತ್ಕೊಳ್ರೀ ನೀವು!’ ಓನರ್ ಪೂರ್ತಿ ಹಿಂದಕ್ಕೆ ತಿರುಗಿದರು. ‘ಇಲ್ಲಾಂದ್ರೆ ಇಳ್ದು ಬಸ್ಸಲ್ಲಿ ಹೋಗಿ!’

ನಮ್ಮ ಮನೆಯಲ್ಲಿ ಅತ್ತೆಗೆ ಯಾರೂ ಹಾಗೆ ಅಂದಿರಲಿಲ್ಲ. ಎಷ್ಟೋ ಮೊದಲೇ ಯಾರಾದರೂ ಅನ್ನಬೇಕಿತ್ತು.

ಅಷ್ಟರಲ್ಲಿ ಓನರ್ ಕೈ ಎತ್ತಿ, ‘ನಿಲ್ಸು’ ಎಂದರು. ಡೋಲು ಬಿದ್ದಾಗಲೆಲ್ಲ ಹಿಂದಿನಿಂದ ಸಣ್ಣಗೆ ಗಿರ್ ಎನ್ನುವ ಸದ್ದು ಬರುತ್ತಿತ್ತು. ಕೆ.ಆರ್. ಪುರದ ದಾರಿಯಲ್ಲಿ, ಲಾರಿಗಳ ಧೂಳಿನಲ್ಲಿ, ನೆತ್ತಿ ಸುಡುವ ಬಿಸಿಲಲ್ಲಿ ಕಾರು ನಿಂತಿತು. ಓನರ್ ಡಿಕ್ಕಿ ತೆಗೆದು ಸ್ಕ್ರೂ ಬಿಚ್ಚತೊಡಗಿದರು. ಏನಾಯಿತೆಂದು ಅಮ್ಮನಿಗೆ ಚೀಟಿಯಲ್ಲಿ ಬರೆದು ತೋರಿಸಿದೆ. ಅವಳು ಇಳಿದು ಹೋಗಿ ಅವರ ತೋಳು ಹಿಡಿದಳು.

‘ನನಗ ಆ ಸಪ್ಪಳ ಕೇಳಸಂಗಿಲ್ರಿ ಓನರ್ರ. ಇರವಲ್ದ್ಯಾಕ, ಬಿಡ್ರಿ.’

ನರ ಉಬ್ಬಿತು. ಅಷ್ಟು ಸಿಟ್ಟನ್ನು ನಾನು ಅವರಲ್ಲಿ ಹಿಂದೆ ನೋಡಿರಲಿಲ್ಲ, ಮುಂದೆಯೂ ನೋಡಲಿಲ್ಲ.

‘ನಿಮ್ಗೆ ಕೇಳ್ಸಲ್ಲ ಅಂತ ನಾನು ಹಾಳುಮೂಳು ಕಟ್ಕೊಡ್ಲಾ? ಏನಂದ್ಕೊಂಡಿದ್ದೀರಿ ನನ್ನ? ಏನಂದ್ಕೊಂಡಿದ್ದೀರಿ ನಿಮ್ಮನ್ನ ನೀವು?’

ಲಾರಿಯೊಂದರ ಡ್ರೈವರ್ ನಿಧಾನ ಮಾಡಿ, ಮುದುಕ ಹೆಂಗಸಿನ ಮೇಲೆ ಕೂಗಾಡುತ್ತಿದ್ದಾನೆಂದು ಇವರನ್ನು ಬೈದು ಹೋದ. ಅಮ್ಮನಿಗೆ ಎಲ್ಲ ಮಾತೂ ಕೇಳಿಸಿತೋ ಇಲ್ಲವೋ, ತೋಳು ಬಿಟ್ಟು ಪಕ್ಕದಲ್ಲಿ ನಿಂತು ಸ್ಕ್ರೂಗಳನ್ನು ಸೆರಗಿನಲ್ಲಿ ಹಿಡಿದುಕೊಂಡಳು. ಸ್ಪೀಕರ್ ಹೊರಬಂತು. ತಂತಿ ಹೊರಗೆ ಹೋಗುವ ತೂತಿನ ಸಂದಿಯಲ್ಲಿ ಒಂದೇ ಒಂದು ಜೋಳದ ಕಾಳು ಸಿಕ್ಕಿಕೊಂಡಿತ್ತು. ರಾಗಿಯಾಗಿದ್ದರೆ ಉದುರಿ ಹೋಗುತ್ತಿತ್ತು. ಓನರ್ ಅದನ್ನು ಅಮ್ಮನ ಅಂಗೈಗೆ ಹಾಕಿ, ‘ತಗೊಳ್ಳಿ, ಕಮ್ಮಿ ಆಗಿದ್ದ ಕಾಳು. ನಾನ್ ತಿಂದಿಲ್ಲ!’ ಎಂದು ಕೂಗಿದರು. ಅಮ್ಮ ರಸ್ತೆಯಲ್ಲೇ ಬಿದ್ದು ಬಿದ್ದು ನಕ್ಕಳು.

ಆಮೇಲೆ ಭಾನುವಾರಗಳಂದು ನಾನು ಅಮ್ಮನನ್ನು ಕಾರಿನಲ್ಲಿ ಸುತ್ತಿಸುತ್ತಿದ್ದೆ. ಹಲಸೂರು ಕೆರೆಯ ಪಕ್ಕ ನಿಲ್ಲಿಸಿದರೆ ಕ್ಯಾಸೆಟ್ ಮುಗಿಯುವ ತನಕ ಹಾಡುತ್ತಿದ್ದಳು. ಅಪ್ಪನ ಜೋಳದ ಚೀಲ ಪೆಟ್ಟಿಗೆಯ ಪಕ್ಕ ಆರಾಮಾಗಿ ಹಿಡಿಸಿತು. ರೊಟ್ಟಿಯ ಜಗಳ, ಮೋಟರಿನ ಜಗಳ ಯಾವುದೂ ನಿಲ್ಲಲಿಲ್ಲ. ಒಳ್ಳೆಯ ಕೆಲಸ ಮಾಡಿದೆ ಎಂದು ಓನರ್ ಮೆತ್ತಗಾಗಲಿಲ್ಲ, ಋಣವಿದೆ ಎಂದು ಅಮ್ಮನೂ ಸೋಲಲಿಲ್ಲ.

ಕೆಲವು ವರ್ಷಗಳ ಮೇಲೆ, ಒಂದು ಬೆಳಿಗ್ಗೆ ಕೆಳಗಿನಿಂದ ಕೂಗು ಬರಲಿಲ್ಲ. ಎದೆನೋವು ಎಂದವರು ಆಸ್ಪತ್ರೆ ತಲುಪಲಿಲ್ಲ ಎಂದು ಅವರ ಹೆಂಡತಿ ಅಳುತ್ತಾ ಹೇಳಿದರು. ಮಧ್ಯಾಹ್ನದ ಹೊತ್ತಿಗೆ ಅವರನ್ನು ತಂದು ಪೋರ್ಟಿಕೋದಲ್ಲಿ, ಅರ್ಧ ಕೊಯ್ದ ಹಲಗೆಗಳನ್ನು ಬದಿಗೆ ಸರಿಸಿ, ಮಲಗಿಸಿದರು. ಯಾರೋ ಮುಖ ಒರೆಸಿ ಕಿವಿಯ ಕೂದಲಿನ ಪುಡಿಯನ್ನೂ ತೆಗೆದುಬಿಟ್ಟಿದ್ದರು. ಕತ್ತಿನ ನರ ಎಲ್ಲಿತ್ತೆಂದು ಗೊತ್ತಾಗುತ್ತಿರಲಿಲ್ಲ. ಸುತ್ತ ಎಲ್ಲರೂ ಪಿಸುಗುಟ್ಟುತ್ತಿದ್ದರು. ಶಾಂತ ಜೀವ ಎಂದದ್ದು ಆಗಲೇ.

ಅಮ್ಮ ಮೆಟ್ಟಿಲಿಳಿದು ಬಂದಳು. ಜನರನ್ನು ಸರಿಸಿ ಅವರ ತಲೆಯ ಹತ್ತಿರ ಕೂತಳು. ಬಗ್ಗಿ, ಬೀದಿಗೆಲ್ಲ ಕೇಳಿಸುವಂತೆ ಕೂಗಿದಳು.

‘ಓನರ್ರ! ಮೋಟ್ರ ಬಂದ್ ಮಾಡೀನ್ರಿ! ಕೇಳ್ಸಾಕತ್ತದೇನ್ರಿ?’

ಪಿಸುಮಾತು ನಿಂತುಹೋಯಿತು. ಅತ್ತೆ ಓಡಿ ಬಂದು ಅಮ್ಮನ ಕೈ ಹಿಡಿದು ಎಳೆದಳು. ‘ಹೆಣದ ಮುಂದ ಹಿಂಗ್ಯಾಕ ಒದರ್ತಾಳ ಈಕಿ! ಎಬ್ಬಸ್ರಿ ಯಾರರ. ಅವರಿಗೇನ್ ಕೇಳಸ್ತದ, ಈಕಿಗೇನ್ ಕೇಳಸ್ತದ?’

ನನ್ನ ಕತ್ತಿನ ನರ ಉಬ್ಬಿತು.

‘ಕೈ ಬಿಡು ಅಕೀದು!’ ಎಂದು ನಾನು ಕೂಗಿದೆ. ನನ್ನ ಗಂಟಲಿನಿಂದ ಅಷ್ಟು ದೊಡ್ಡ ದನಿ ಬರುತ್ತದೆಂದು ನನಗೇ ಗೊತ್ತಿರಲಿಲ್ಲ. ‘ಕೇಳಿಸೋವರೆಗೂ ಕೂಗ್ಲಿ ನಮ್ಮವ್ವ!’

ಅತ್ತೆ ಕೈ ಬಿಟ್ಟಳು. ಅಮ್ಮ ತಲೆ ಎತ್ತಿ, ಬೆನ್ನ ಹಿಂದೆ ನಿಂತಿದ್ದ ನನ್ನ ಕಡೆಗೆ ತಿರುಗಿದಳು.

ಅವಳಿಗೆ ಕೇಳಿಸಿತ್ತು.

ಅವತ್ತಿನಿಂದ ನಾನು ಅವಳಿಗೆ ಒಂದು ಚೀಟಿಯನ್ನೂ ಬರೆದಿಲ್ಲ.